ತಲೆ ಎಣಿಸಿದರು, ತಟ್ಟೆ ಎಣಿಸಲಿಲ್ಲ

ಹತ್ತನೇ ತರಗತಿಯಲ್ಲಿ ನಾವೆಲ್ಲ ಒಂದು ಪ್ರಬಂಧ ಬರೆದಿದ್ದೇವೆ. ಹೆಸರು ‘ಜನಸಂಖ್ಯಾ ಸ್ಫೋಟ’. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಮೂರು ಭಾಗ. ಗೈಡಿನಲ್ಲಿದ್ದದ್ದನ್ನು ಬಾಯಿಪಾಠ ಮಾಡಿ ಕಕ್ಕಿದ್ದೇವೆ. ಬಡವರಲ್ಲಿ ಅಜ್ಞಾನ, ಅದರಿಂದ ಮಕ್ಕಳು ಹೆಚ್ಚು, ಮಕ್ಕಳು ಹೆಚ್ಚಾದ್ದರಿಂದ ಕಾಡು ನಾಶ, ನೀರು ಖಾಲಿ, ಊರೆಲ್ಲ ಕೊಳಚೆ. ಹತ್ತಕ್ಕೆ ಎಂಟು ಅಂಕ ಬಂತು. ಖುಷಿಯಿಂದ ಮನೆಗೆ ಬಂದರೆ ಅವ್ವ ಕೂಲಿ ಮುಗಿಸಿ ಬಂದು ತಲೆ ಮೇಲಿನ ಪುಳ್ಳೆ ಹೊರೆ ಇಳಿಸುತ್ತಿದ್ದಳು. ಅವಳಿಗೆ ನಾಲ್ಕು ಹೆರಿಗೆ, ಉಳಿದವರು ಮೂವರು. ಕಾಡು ತಿಂದವಳು ಅವಳೇ ಅಂತ ನಾವು ಬರೆದುಕೊಟ್ಟು ಬಂದಿದ್ದೆವು. ಹೆತ್ತವಳ ಮೇಲೆ ನಾವೇ ಚಾರ್ಜ್‌ಶೀಟು ಬರೆದು ಎಂಟು ಅಂಕ ಪಡೆದಿದ್ದು ನಮಗೆ ಆಗ ಹೊಳೆಯಲಿಲ್ಲ. ಅಕ್ಷರ ಕಲಿತ ಮೊದಲ ತಲೆಮಾರಿನವರಿಗೆ ಪುಸ್ತಕದಲ್ಲಿ ಅಚ್ಚಾದದ್ದೆಲ್ಲ ಸತ್ಯವಾಗಿಯೇ ಕಾಣುತ್ತದೆ.

ಈಗ ಮತ್ತೆ ತಲೆ ಎಣಿಸುವ ಮಾತು ಬಂದಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2027ಕ್ಕೆ ಮಾಡುತ್ತೇವೆ, ಜಾತಿಯನ್ನೂ ಬರೆದುಕೊಳ್ಳುತ್ತೇವೆ ಎಂದು ಕೇಂದ್ರ ಸರ್ಕಾರ 2025ರ ಜೂನ್ ತಿಂಗಳಲ್ಲಿ ಪ್ರಕಟಿಸಿತು. ಈ ಪುಟ ಓದುವ ಎಷ್ಟೋ ಮೇಷ್ಟ್ರುಗಳು, ಮೇಡಮ್ಮುಗಳು ಆ ಕೆಲಸಕ್ಕೆ ಕೇರಿ ಕೇರಿ ತಿರುಗುವವರೇ. ಆದ್ದರಿಂದ ಆ ಹಳೇ ಪ್ರಬಂಧವನ್ನು ಇನ್ನೊಂದು ಸಲ ಬರೆಯಬೇಕು ಅನ್ನಿಸಿತು. ಗೈಡಿನಿಂದಲ್ಲ, ಚರಿತ್ರೆಯಿಂದ.

ಮೊದಲು ನಿಜ ಒಪ್ಪಿಕೊಳ್ಳೋಣ. ಜನ ಹೆಚ್ಚಿದ್ದು ಸುಳ್ಳಲ್ಲ. ಇಡೀ ಲೋಕದಲ್ಲಿ 1800ರ ಸುಮಾರಿಗೆ ನೂರು ಕೋಟಿ ಜನ. ಅದು 1927ರ ಹೊತ್ತಿಗೆ ಇನ್ನೂರು ಕೋಟಿಯಾಯಿತು, 1960ಕ್ಕೆ ಮುನ್ನೂರು ಕೋಟಿ. 2022ರ ನವೆಂಬರಿನಲ್ಲಿ 800 ಕೋಟಿ ದಾಟಿತೆಂದು ವಿಶ್ವಸಂಸ್ಥೆ ಹೇಳಿತು. ನಮ್ಮ ದೇಶದಲ್ಲಿ 1951ರಲ್ಲಿ 36 ಕೋಟಿ, 2011ರಲ್ಲಿ 121 ಕೋಟಿ. 2023ರಲ್ಲಿ ಚೀನಾವನ್ನೂ ಹಿಂದೆ ಹಾಕಿದೆವು. ಇಷ್ಟು ಜನಕ್ಕೆ ಅನ್ನ ಬೇಕು, ನೀರು ಬೇಕು, ಸೂರು ಬೇಕು. ನೆಲದ ಮೇಲೆ ಭಾರ ಬಿದ್ದೇ ಬೀಳುತ್ತದೆ. ಇದನ್ನು ಅಲ್ಲಗಳೆಯುವವರು ನಾವಲ್ಲ. ನಮ್ಮ ಪ್ರಶ್ನೆ ಬೇರೆ. ಭಾರ ಎಲ್ಲರದೂ ಒಂದೇ ತೂಕವಾ? ಎಣಿಸುವಾಗ ಯಾರ ಕಡೆ ಬೆರಳು ತೋರಿಸಿದರು, ತಿನ್ನುವಾಗ ಯಾರು ತಿಂದರು?

ಬೆರಳು ತೋರಿಸುವ ಈ ವಿದ್ಯೆಗೆ ಇನ್ನೂರು ವರ್ಷದ ಇತಿಹಾಸವಿದೆ. 1798ರಲ್ಲಿ ಇಂಗ್ಲೆಂಡಿನ ಪಾದ್ರಿ ಥಾಮಸ್ ರಾಬರ್ಟ್ ಮಾಲ್ಥಸ್ ಒಂದು ಪುಸ್ತಕ ಬರೆದ. ಅನ್ನ ಒಂದು, ಎರಡು, ಮೂರು ಅಂತ ಕೂಡಿಕೊಂಡು ಬೆಳೆಯುತ್ತದೆ; ಜನ ಒಂದು, ಎರಡು, ನಾಲ್ಕು, ಎಂಟು ಅಂತ ಗುಣಿಸಿಕೊಂಡು ಬೆಳೆಯುತ್ತಾರೆ; ಹೆಚ್ಚಾದವರನ್ನು ಹಸಿವು, ರೋಗ, ಯುದ್ಧ ಕತ್ತರಿಸಿ ಸರಿಮಾಡುತ್ತವೆ ಎನ್ನುವುದು ಅವನ ವಾದ. ಬಡವರಿಗೆ ಸರ್ಕಾರ ನೆರವು ಕೊಟ್ಟರೆ ಅವರು ಇನ್ನಷ್ಟು ಹೆಚ್ಚುತ್ತಾರೆ ಅಂತಲೂ ಹೇಳಿದ. ಇದು ಬರೀ ಪುಸ್ತಕದ ಮಾತಾಗಿ ಉಳಿಯಲಿಲ್ಲ. 1805ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಕಾಲೇಜಿಗೆ ಅವನನ್ನೇ ಪ್ರೊಫೆಸರ್ ಮಾಡಿಕೊಂಡಿತು. ಹಿಂದೂಸ್ಥಾನವನ್ನು ಆಳಲು ಬರುವ ಹುಡುಗರು ಹೇಲಿಬರಿಯ ಆ ಕಾಲೇಜಿನಲ್ಲಿ ಅವನು ಸಾಯುವವರೆಗೂ, ಅಂದರೆ 1834ರವರೆಗೂ, ಅವನ ಪಾಠ ಕೇಳಿದರು. ಹಸಿವನ್ನು ಪ್ರಕೃತಿಯ ನಿಯಮ ಎಂದು ಕಲಿತ ಒಂದು ತಲೆಮಾರು ಹಡಗು ಹತ್ತಿ ಬಂದು ನಮ್ಮ ಕಲೆಕ್ಟರುಗಳಾದರು. ಆ ಪಾಠ ಆಡಳಿತದ ಬುದ್ಧಿಯಾಗಿ ನಿಂತಿತು.

ಆ ಪಾಠದ ಪರೀಕ್ಷೆ ನಡೆದದ್ದು ನಮ್ಮ ನೆಲದಲ್ಲೇ. ನಮ್ಮ ಕಡೆ ಮುದುಕರು ಇವತ್ತಿಗೂ ‘ಧಾತು ಈಶ್ವರದ ಬರ’ ಅನ್ನುತ್ತಾರಲ್ಲ, ಅದು 1876ರಿಂದ 1878ರವರೆಗಿನ ಮಹಾಕ್ಷಾಮ. ಮಳೆ ಹೋಯಿತು. ಆದರೆ ಮಳೆ ಹೋದ ಕಡೆಯೆಲ್ಲ ಜನ ಸಾಯಲೇಬೇಕು ಅಂತಿಲ್ಲ. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಳ್ವಿಕೆಯಲ್ಲಿತ್ತು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರೈಲು ಆಗಲೇ ಬಂದಿತ್ತು. ರೈಲಿನಲ್ಲಿ ಧಾನ್ಯ ಹೋದದ್ದು ಹಸಿವು ಇದ್ದ ಕಡೆಗಲ್ಲ, ಕಾಸು ಇದ್ದ ಕಡೆಗೆ. ಬರದ ವರ್ಷಗಳಲ್ಲೂ ಇಂಡಿಯಾದ ಗೋಧಿ ಇಂಗ್ಲೆಂಡಿಗೆ ಹಡಗು ಹತ್ತಿತು. ವೈಸರಾಯ್ ಲಿಟ್ಟನ್ 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಗೆ ಚಕ್ರವರ್ತಿನಿ ಪಟ್ಟ ಕಟ್ಟುವ ದರ್ಬಾರು ನಡೆಸಿದ. ಅದೇ ತಿಂಗಳು ಬರದ ಖರ್ಚು ಕಡಿಮೆ ಮಾಡಲು ರಿಚರ್ಡ್ ಟೆಂಪಲ್ ಎಂಬುವನನ್ನು ಮದ್ರಾಸಿಗೆ ಕಳಿಸಿದ. ಟೆಂಪಲ್ ಬಂದವನೇ ಬರಪರಿಹಾರದ ಕೆಲಸದಲ್ಲಿ ಕಲ್ಲು ಒಡೆಯುವ ಗಂಡಾಳಿನ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ. ಒಂದು ಪೌಂಡು ಅಂದರೆ ಸುಮಾರು 450 ಗ್ರಾಂ. ಇಷ್ಟರಲ್ಲಿ ದುಡಿಯುವ ಜೀವ ಉಳಿಯುವುದಿಲ್ಲ ಎಂದು ಮದ್ರಾಸಿನ ಆರೋಗ್ಯ ಇಲಾಖೆಯ ಡಾಕ್ಟರ್ ಕಾರ್ನಿಶ್ ವಾದ ಹೂಡಿದ. ಅವನೂ ಬಿಳಿಯನೇ, ಆದರೆ ಹೆಣಗಳನ್ನು ಕಣ್ಣಾರೆ ಕಂಡವನು.

1871ರ ಗಣತಿಯಲ್ಲಿ ಮೈಸೂರು ಸೀಮೆಯ ಜನ 50 ಲಕ್ಷ 55 ಸಾವಿರ. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ ಸಿಕ್ಕವರು 41 ಲಕ್ಷ 86 ಸಾವಿರ. ಹುಟ್ಟಿದವರನ್ನೂ ಸೇರಿಸಿಕೊಂಡು ಇಷ್ಟು. ಹೆಚ್ಚು ಕಡಿಮೆ 8 ಲಕ್ಷ 70 ಸಾವಿರ ತಲೆ ಪಟ್ಟಿಯಲ್ಲಿ ಇಲ್ಲ. ಇವರಲ್ಲಿ ಮೊದಲು ಉರುಳಿದವರು ಯಾರು? ಹಗೇವಿನಲ್ಲಿ ರಾಗಿ ತುಂಬಿಟ್ಟಿದ್ದವನಾ? ಅಲ್ಲ. ಆ ಹಗೇವು ತುಂಬಿಕೊಟ್ಟ ಜೀತದಾಳು, ಕೂಲಿ ನಿಂತ ದಿನವೇ ಒಲೆ ಆರುವವನು. 1880ರ ಕ್ಷಾಮ ಆಯೋಗವೇ ಬರದಲ್ಲಿ ಮೊದಲು ಕೆಲಸ ಹೋಗುತ್ತದೆ, ಕೆಲಸ ಹೋದವನು ಮೊದಲು ಹಸಿಯುತ್ತಾನೆ ಅನ್ನುವುದನ್ನು ಕಂಡುಕೊಂಡಿತು. ಧಾನ್ಯ ಇತ್ತು, ಕೊಳ್ಳುವ ಕೈಯಲ್ಲಿ ಕಾಸಿರಲಿಲ್ಲ. ಆದರೂ ಜನ ಜಾಸ್ತಿಯಾಗಿದ್ದಕ್ಕೆ ಬರ ಬಂತು ಅನ್ನುವ ಮಾತು ದೊಡ್ಡವರ ಬಾಯಲ್ಲಿ ಉಳಿಯಿತು. ಸತ್ತವನೇ ಅಪರಾಧಿ.

ಆಮೇಲೆ ಜನ ಹೆಚ್ಚಿದ್ದು ಹೇಗೆ ಅನ್ನುವುದನ್ನೂ ನೋಡೋಣ. ಗೈಡಿನ ಪ್ರಕಾರ ಬಡವರು ಹೆಚ್ಚು ಹೆತ್ತರು, ಅದಕ್ಕೆ ಹೆಚ್ಚಿತು. ಗಣತಿಯ ಪಟ್ಟಿ ಬೇರೆ ಹೇಳುತ್ತದೆ. ದೇಶದ ಜನ 1911ರಲ್ಲಿ 25.2 ಕೋಟಿ ಇದ್ದದ್ದು 1921ರಲ್ಲಿ 25.1 ಕೋಟಿಗೆ ಇಳಿಯಿತು. ನಡುವೆ 1918ರ ಇನ್‌ಫ್ಲುಯೆಂಜಾ ಜ್ವರ ಕೋಟಿಗೂ ಮೀರಿ ಜನರನ್ನು ಹೊತ್ತೊಯ್ದಿತ್ತು. ಆಗ ಹೆಂಗಸರು ಕಡಿಮೆ ಹೆರುತ್ತಿದ್ದರಾ? ಇಲ್ಲ. ಎಷ್ಟು ಹೆತ್ತರೂ ಉಳಿಯುತ್ತಿರಲಿಲ್ಲ. 1921ರ ನಂತರ ಸಾವು ನಿಧಾನವಾಗಿ ಇಳಿಯಿತು. ಪ್ಲೇಗು, ಕಾಲರಾ, ಸಿಡುಬು ಹಿಡಿತಕ್ಕೆ ಬಂದವು, ಸ್ವಾತಂತ್ರ್ಯ ಬಂದಮೇಲೆ ಮಲೇರಿಯಾಕ್ಕೆ ಔಷಧಿ ಹೊಡೆದರು. 1951ರಲ್ಲಿ ಈ ದೇಶದವನ ಸರಾಸರಿ ಆಯುಸ್ಸು 32 ವರ್ಷ, ಹುಟ್ಟಿದ ಸಾವಿರ ಕೂಸುಗಳಲ್ಲಿ 146 ಒಂದು ವರ್ಷ ತುಂಬುವುದರೊಳಗೆ ಮಣ್ಣಾಗುತ್ತಿದ್ದವು. 2020ರ ಲೆಕ್ಕದಲ್ಲಿ ಆ 146 ಇಳಿದು 28ಕ್ಕೆ ಬಂದಿದೆ. ಜನ ಹೆಚ್ಚಿದ್ದು ಹೆಚ್ಚು ಹುಟ್ಟಿದ್ದರಿಂದಲ್ಲ, ಕಡಿಮೆ ಸತ್ತದ್ದರಿಂದ. ಇದು ಸ್ಫೋಟವಲ್ಲ, ಬದುಕು.

ನಮ್ಮಜ್ಜಿ ಒಂಬತ್ತು ಹೆತ್ತಳು, ನಾಲ್ಕು ಉಳಿದವು. ಯಾಕಜ್ಜಿ ಇಷ್ಟು ಹೆತ್ತೆ ಅಂತ ಕಾಲೇಜು ಮೆಟ್ಟಿಲು ಹತ್ತಿದ ಸೊಕ್ಕಿನಲ್ಲಿ ಒಮ್ಮೆ ಕೇಳಿದ್ದೆವು. “ಯಾವುದು ಉಳೀತೈತೆ ಅಂತ ಹುಟ್ಟುವಾಗ ಹಣೇಲಿ ಬರ್ದಿರ್ತೈತಾ ಮಗ?” ಅಂದಳು. ಹೊಲ ಇಲ್ಲ, ಪಿಂಚಣಿ ಇಲ್ಲ, ಬ್ಯಾಂಕಿನಲ್ಲಿ ಪಾಸ್‌ಬುಕ್ ಇಲ್ಲ. ಮುಪ್ಪಿಗೆ ಇದ್ದ ಆಸ್ತಿ ಮಕ್ಕಳ ತೋಳು ಮಾತ್ರ. ಅದೂ ಗೌಡನ ಮನೆಯ ಜೀತಕ್ಕೆ ಒಂದು ತೋಳು ಹೋಗಿ ಉಳಿದದ್ದು. ಇದು ಅಜ್ಞಾನವಲ್ಲ, ಲೆಕ್ಕಾಚಾರ. ಕೂಸು ಉಳಿಯುತ್ತದೆ ಅನ್ನುವ ನಂಬಿಕೆ ಬಂದಮೇಲೆ, ಹೆಣ್ಣು ಸ್ಕೂಲಿನ ಮೆಟ್ಟಿಲು ಹತ್ತಿದ ಮೇಲೆ, ಹೆರಿಗೆ ತಾನಾಗಿ ಇಳಿಯಿತು. ಯಾರೂ ಬಡಿಗೆ ಹಿಡಿಯದೆ ಕೇರಳದಲ್ಲಿ 1980ರ ದಶಕ ಮುಗಿಯುವ ಹೊತ್ತಿಗೇ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳ ಹತ್ತಿರಕ್ಕೆ ಬಂದಿತ್ತು.

*

ಬಡಿಗೆ ಹಿಡಿದವರ ಕತೆಗೆ ಮುನ್ನ ಇನ್ನೊಂದು ಕತೆ ಹೇಳಬೇಕು. ಸಂತಾನ ನಿಯಂತ್ರಣ ಅಂದರೆ ಯಾವಾಗಲೂ ಮೇಲಿನವರ ದಬ್ಬಾಳಿಕೆ ಅಂತ ನಾವು ತಿಳಿಯಬಾರದು. 1930ರಲ್ಲಿ ಮೈಸೂರು ಸಂಸ್ಥಾನ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕು ತೆರೆಯಿತು. ಸರ್ಕಾರವೇ ಇಂಥ ಕೆಲಸಕ್ಕೆ ಕೈ ಹಾಕಿದ್ದು ಲೋಕದಲ್ಲೇ ಮೊದಲು ಅನ್ನುತ್ತಾರೆ. ಅದೇ ಕಾಲಕ್ಕೆ ತಮಿಳುನಾಡಿನಲ್ಲಿ ಪೆರಿಯಾರ್ ಈ ಮಾತನ್ನು ಎತ್ತಿದರು. ದೇಶದ ಬಡತನ ಕಳೆಯಲಿಕ್ಕಲ್ಲ, ಹೆಣ್ಣಿನ ಸ್ವಾತಂತ್ರ್ಯಕ್ಕೆ ಇದು ಬೇಕು ಎಂದು ಬಿಡಿಸಿ ಹೇಳಿದರು. 1938ರ ನವೆಂಬರ್ 10ರಂದು ಮುಂಬಯಿ ಶಾಸನಸಭೆಯಲ್ಲಿ ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷದ ಪಿ.ಜೆ. ರೋಹಮ್ ಒಂದು ಗೊತ್ತುವಳಿ ತಂದರು. ಅದರ ಭಾಷಣ ಸಿದ್ಧಮಾಡಿದ್ದವರು ಬಾಬಾಸಾಹೇಬರೇ. ಸಂತಾನ ನಿಯಂತ್ರಣದ ಅನುಕೂಲವನ್ನು ಸರ್ಕಾರ ಜನಕ್ಕೆ ಒದಗಿಸಬೇಕು, ಬೇಡದ ಬಸಿರನ್ನು ತಡೆಯುವ ದಾರಿ ಹೆಣ್ಣಿಗೆ ಇರಬೇಕು ಎನ್ನುವುದು ಅದರ ತಿರುಳು. ಸಭೆಯ ದೊಡ್ಡವರು ಅದನ್ನು ಬೀಳಿಸಿದರು.

ಇದಕ್ಕೂ ಇಪ್ಪತ್ತು ವರ್ಷ ಮುಂಚೆ, 1918ರಲ್ಲಿ, ಸಣ್ಣ ಹಿಡುವಳಿಗಳ ಬಗ್ಗೆ ಬಾಬಾಸಾಹೇಬರು ಒಂದು ಲೇಖನ ಬರೆದಿದ್ದರು. ಹಿಡುವಳಿ ಚಿಕ್ಕದಾಗಿರುವುದು ಮೂಲ ರೋಗವಲ್ಲ. ಭೂಮಿಯ ಮೇಲೆಯೇ ಬಿದ್ದಿರುವ ಜನಕ್ಕೆ ಬೇರೆ ದುಡಿಮೆ ಇಲ್ಲದಿರುವುದು ರೋಗ ಎಂದು ತೋರಿಸಿದರು. ಎರಡನ್ನೂ ಸೇರಿಸಿ ಓದಿದರೆ ನಮ್ಮ ದಾರಿ ಕಾಣುತ್ತದೆ. ಹೆಣ್ಣಿಗೆ ಅವಳ ಮೈಯ ಹಕ್ಕು ಕೊಡಿ, ದುಡಿಯುವವನಿಗೆ ದುಡಿಮೆ ಕೊಡಿ. ತಲೆ ಕಡಿಮೆ ಮಾಡಿ ಅಂತ ಬಾಬಾಸಾಹೇಬರು ಯಾರ ಮೇಲೂ ಬಡಿಗೆ ಎತ್ತಲಿಲ್ಲ.

ಬಡಿಗೆ ಎತ್ತಿದವರು ಬೇರೆ. 1968ರಲ್ಲಿ ಅಮೆರಿಕದ ಪಾಲ್ ಎರ್ಲಿಕ್ ಎಂಬ ಚಿಟ್ಟೆಗಳ ಪ್ರೊಫೆಸರ್ ಜನಸಂಖ್ಯೆಯನ್ನು ಬಾಂಬಿಗೆ ಹೋಲಿಸಿ ಪುಸ್ತಕ ಬರೆದ. ಅದು ಶುರುವಾಗುವುದೇ ದೆಹಲಿಯ ಬೀದಿಯಲ್ಲಿ ಟ್ಯಾಕ್ಸಿಯೊಳಗೆ ಕೂತು ಬಡವರ ಜಂಗುಳಿ ಕಂಡು ಅವನು ದಿಗಿಲುಬಿದ್ದ ರಾತ್ರಿಯಿಂದ. 1970ರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆ, ಇನ್ನು ತಡೆಯಲಾಗದು ಅಂದ. ಅವನು ಹೇಳಿದಂತೆ ಆಗಲಿಲ್ಲ. ಆದರೆ ಆ ದಿಗಿಲು ಇಲ್ಲಿನ ಅಧಿಕಾರಿಗಳಿಗೂ ಹತ್ತಿತು. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಮಾಡಿದ ಸಂತಾನಹರಣ ಚಿಕಿತ್ಸೆ 82 ಲಕ್ಷಕ್ಕೂ ಹೆಚ್ಚು, ಮುಕ್ಕಾಲುಪಾಲು ಗಂಡಸರಿಗೆ. ಹರಿಯಾಣದ ಉತ್ತಾವರ್ ಎಂಬ ಮುಸಲ್ಮಾನರ ಹಳ್ಳಿಯನ್ನು 1976ರ ನವೆಂಬರಿನಲ್ಲಿ ಪೊಲೀಸರು ಸುತ್ತುಗಟ್ಟಿ ಗಂಡಸರನ್ನು ಎಳೆದೊಯ್ದರು. ಈ ಚಿಕಿತ್ಸೆಗೆ ಸಂಬಂಧಪಟ್ಟ 1,774 ಸಾವುಗಳನ್ನು ಶಾ ಆಯೋಗ ದಾಖಲಿಸಿತು.

ಆಗ ‘ಕೇಸು’ ತರದಿದ್ದರೆ ಮೇಷ್ಟ್ರುಗಳ ಸಂಬಳ ತಡೆಯುತ್ತಿದ್ದರು. ಮೇಷ್ಟ್ರು ಎಲ್ಲಿಗೆ ಹೋಗುತ್ತಾರೆ? ಶಾನುಭೋಗನ ಪಡಸಾಲೆಗಾ? ಕೇರಿಗೆ ಬರುತ್ತಾರೆ. ನಮ್ಮ ತಾತನನ್ನು ಕರೆದೊಯ್ದದ್ದೂ ಒಬ್ಬ ಮೇಷ್ಟ್ರೇ. ಹಸು ಸಾಲ ಮಾಡಿಸಿಕೊಡ್ತೀನಿ ಬಾರಯ್ಯ ಅಂದಿದ್ದರಂತೆ. ಸಾಲ ಬರಲಿಲ್ಲ. ತಾತ ಕೊನೆವರೆಗೂ ಆ ಮೇಷ್ಟ್ರನ್ನು ಬೈಯಲಿಲ್ಲ. “ಅವ್ರ ಮನೇಲೂ ಮೂರು ತಿಂಗ್ಳಿಂದ ಸಂಬ್ಳ ಇರಲಿಲ್ವಂತೆ ಕಣಪ್ಪ” ಅನ್ನುತ್ತಿದ್ದ. ಇಬ್ಬರ ಕುತ್ತಿಗೆಗೂ ಒಂದೇ ಹಗ್ಗ, ಹಗ್ಗ ಹಿಡಿದವನು ಕಾಣುತ್ತಿರಲಿಲ್ಲ.

1977ರ ಚುನಾವಣೆಯಲ್ಲಿ ಜನ ಸರ್ಕಾರವನ್ನೇ ಕಿತ್ತೆಸೆದರು. ಆದರೆ ಕತ್ತಿ ಒರೆಗೆ ಹೋಗಲಿಲ್ಲ, ಗಂಡಸರಿಂದ ಹೆಂಗಸರ ಕಡೆಗೆ ತಿರುಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮದುವೆಯಾದ ಹೆಂಗಸರಲ್ಲಿ ಶೇ. 38ರಷ್ಟು ಮಂದಿ ‘ಆಪರೇಷನ್’ ಆದವರು. ಗಂಡಸರ ಪಾಲು ಶೇ. 0.3. ಕರ್ನಾಟಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು ಇದೇ ಕತೆ. ನಮ್ಮವ್ವನಿಗೆ ಮಾಡಿದಾಗ ಅವಳಿಗೆ 24 ವರ್ಷ. ಕ್ಯಾಂಪು, ಬರೀ ನೆಲದ ಮೇಲೆ ಜಮಖಾನ, ಸಂಜೆಗೆ ಟೆಂಪೋದಲ್ಲಿ ವಾಪಸ್ಸು. ಎಂಟನೇ ದಿನ ಕಳೆ ತೆಗೆಯಲು ಹೋದಳು. ಸೊಂಟನೋವು ಈಗಲೂ ಇದೆ. 2014ರ ನವೆಂಬರಿನಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಹತ್ತಿರ ಒಂದೇ ದಿನ, ಒಂದೇ ಕ್ಯಾಂಪಿನಲ್ಲಿ 83 ಹೆಂಗಸರಿಗೆ ಒಬ್ಬನೇ ಡಾಕ್ಟರು ಆಪರೇಷನ್ ಮಾಡಿದ. 13 ಮಂದಿ ಸತ್ತರು. ಬಡವರು, ದಲಿತರು, ಆದಿವಾಸಿಗಳು, ಹಿಂದುಳಿದವರು. 2016ರಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷದೊಳಗೆ ಇಂಥ ಕ್ಯಾಂಪುಗಳನ್ನು ನಿಲ್ಲಿಸಿ ಎಂದು ಆದೇಶ ಕೊಟ್ಟಿತು. ನಮ್ಮ ಪ್ರಬಂಧದ ಉಪಸಂಹಾರದಲ್ಲಿ ಈ ಹೆಂಗಸರ ಸುದ್ದಿ ಇರಲಿಲ್ಲ.

*

ಇನ್ನು ಕಾಡಿನ ಲೆಕ್ಕಕ್ಕೆ ಬರೋಣ. ಪುಳ್ಳೆ ಆಯುವ ಹೆಂಗಸು, ಕುರಿ ಮೇಯಿಸುವ ಹುಡುಗ, ಇವರ ಸಂಖ್ಯೆ ಹೆಚ್ಚಿ ಕಾಡು ಹಾಳಾಯಿತು ಅನ್ನುತ್ತಾರೆ. ಇದನ್ನು ಒಬ್ಬ ವಿಜ್ಞಾನಿ ನಮ್ಮ ರಾಜ್ಯದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಉತ್ತರ ಕನ್ನಡದ ದಾಂಡೇಲಿಯಲ್ಲಿ 1950ರ ದಶಕದ ಕೊನೆಗೆ ಕಾಗದದ ಕಾರ್ಖಾನೆ ಶುರುವಾಯಿತು. ಅದಕ್ಕೆ ಸರ್ಕಾರ ಬಿದಿರನ್ನು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರಬೇಕಿತ್ತು. ಹತ್ತು ಹದಿನೈದು ವರ್ಷದಲ್ಲಿ ಬಿದಿರು ಬರಿದಾಯಿತು. ಹಳ್ಳಿಯವರ ದನ ಮೇದದ್ದಕ್ಕೆ, ಹಳ್ಳಿಯವರು ಕಡಿದದ್ದಕ್ಕೆ ಹೀಗಾಯಿತು ಅಂದಿತು ಅರಣ್ಯ ಇಲಾಖೆ. 1975ರಿಂದ ಮಾಧವ ಗಾಡ್ಗೀಳರು ಮೆಳೆ ಮೆಳೆ ತಿರುಗಿ ನೋಡಿದರು. ಹಳ್ಳಿಯವರು ಬಿದಿರು ಕಡಿಯುವಾಗ ಮೆಳೆಯ ಬುಡದಲ್ಲಿರುವ ಮುಳ್ಳಿನ ಹೊದಿಕೆಯನ್ನು ಉಳಿಸುತ್ತಿದ್ದರು, ಎಳೆಯ ಕಳಲೆಗೆ ಅದೇ ಬೇಲಿ. ಕಾರ್ಖಾನೆಯ ಗುತ್ತಿಗೆಯವರು ಆ ಮುಳ್ಳನ್ನೆಲ್ಲ ಸವರಿ ಬುಡದವರೆಗೂ ಕಡಿದರು. ಬೇಲಿ ಹೋದಮೇಲೆ ಕಳಲೆ ದನ, ಕಾಡುಪ್ರಾಣಿಗಳ ಪಾಲು. ಇದನ್ನು ಆ ಭಾಗದ ಹಳ್ಳಿಯವರು ಮೊದಲೇ ಹೇಳುತ್ತಿದ್ದರು. ಅವರ ಮಾತು ವಿಜ್ಞಾನಿಯ ಬಾಯಲ್ಲಿ ಬಂದಮೇಲೆ ವಿಜ್ಞಾನವಾಯಿತು. ಉತ್ತರ ಕನ್ನಡದಲ್ಲಿ ಬಿದಿರು ಮುಗಿದಾಗ ಕಾರ್ಖಾನೆ ಬೇರೆ ರಾಜ್ಯಗಳ ಕಾಡಿಗೆ ಕೈ ಚಾಚಿತು. ಮೇದರು ಕೈ ಕಟ್ಟಿ ಕೂತರು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿದಾಗ ಉರಿದದ್ದು ಮಲೆನಾಡಿನ ಮರದ ಇದ್ದಿಲು. ಅದಕ್ಕೂ ಹಿಂದೆ, 1878ರ ಅರಣ್ಯ ಕಾಯ್ದೆ ಕಾಡನ್ನು ‘ರಿಸರ್ವ್’ ಮಾಡಿ ಜನರನ್ನು ಹೊರಗಿಟ್ಟಿತು, ಮರವನ್ನು ರೈಲಿನ ಸ್ಲೀಪರಿಗೆ ಕೊಟ್ಟಿತು. ಇದೆಲ್ಲ ನಡೆದಾಗ ಜನಸಂಖ್ಯೆ ಸ್ಫೋಟವಾಗಿರಲಿಲ್ಲ. ಆಗಷ್ಟೇ ಹೇಳಿದೆವಲ್ಲ, ಆ ಹತ್ತು ವರ್ಷದಲ್ಲಿ ಮೈಸೂರಿನ ಜನ ಕಡಿಮೆಯಾಗಿದ್ದರು!

ಉಳಿದದ್ದು ಗೋಮಾಳ, ಗುಂಡುತೋಪು, ಬೆಟ್ಟದ ಸೆರಗು. ಭೂಮಿ ಇಲ್ಲದವರ ಭೂಮಿ ಅದು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಅಲ್ಲೆಲ್ಲ ನೀಲಗಿರಿ ಬಂತು. ನೀಲಗಿರಿ ಎಲೆಯನ್ನು ದನ ತಿನ್ನುವುದಿಲ್ಲ, ಅದರ ನೆರಳಲ್ಲಿ ಹುಲ್ಲು ಹುಟ್ಟುವುದಿಲ್ಲ, ಬೊಡ್ಡೆ ಹೋಗುವುದು ಕಾರ್ಖಾನೆಗೆ. 1983ರ ಆಗಸ್ಟಿನಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತು ಹುಣಸೆ, ಮಾವು ಹಾಕಿದರು. ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಸುಮಾರು 75 ಸಾವಿರ ಎಕರೆ ಸಾರ್ವಜನಿಕ ಭೂಮಿಯನ್ನು ಕಾಗದದ ತಿರುಳಿಗಾಗಿ ಒಂದು ಜಂಟಿ ಕಂಪನಿಗೆ ಸರ್ಕಾರ ಬರೆದುಕೊಟ್ಟದ್ದರ ವಿರುದ್ಧ ಅದು. ಮೂವತ್ತು ವರ್ಷ ಕಳೆದು 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಕೋಲಾರದ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟಿತ್ತು.

ನೀರಿನ ಕತೆಯೂ ಇಷ್ಟೇ. ಹಳೇ ಮೈಸೂರಿನ ಕೆರೆಗಳಿಗೆ ತೂಬು ತೆಗೆದು, ಗದ್ದೆ ಗದ್ದೆಗೆ ಅಳೆದು ನೀರು ಬಿಡುತ್ತಿದ್ದವನು ನೀರಗಂಟಿ. ಬಹಳ ಕಡೆ ಅವನು ನಮ್ಮವನೇ. ಅವನ ಕೈಯಲ್ಲಿ ಊರ ನೀರೆಲ್ಲ ಇತ್ತು, ಊರ ಬಾವಿಯ ನೀರು ಮಾತ್ರ ಅವನಿಗೆ ಮೈಲಿಗೆ. ಬೋರ್‌ವೆಲ್ ಬಂದಮೇಲೆ ಕೆರೆಯೂ ಹೋಯಿತು, ನೀರಗಂಟಿಯೂ ಹೋದ. ಹೊಲ ಇದ್ದವನಿಗೆ ಬೋರು, ಬೋರಿಗೆ ಪಂಪು, ಪಂಪಿಗೆ ಪುಕ್ಕಟೆ ಕರೆಂಟು. ಒಂದು ಪಂಪು ರಾತ್ರಿಯಿಡೀ ಎತ್ತುವ ನೀರನ್ನು ಇಡೀ ಕೇರಿ ಎಷ್ಟು ದಿನ ಕುಡಿದೀತು? 2011ರ ಗಣತಿಯಲ್ಲಿ ದೇಶದ ಜನರಲ್ಲಿ ಪರಿಶಿಷ್ಟ ಜಾತಿಯವರು ಶೇ. 16.6. 2015-16ರ ಕೃಷಿ ಗಣತಿಯಲ್ಲಿ ಅವರ ಕೈಲಿದ್ದ ಸಾಗುವಳಿ ಭೂಮಿ ಶೇ. 9ಕ್ಕೂ ಕಡಿಮೆ. ಭೂಮಿಯೇ ಇಲ್ಲದವನು ಭೂಮಿಗೆ ಭಾರ ಅಂದರೆ ನಗಬೇಕೋ ಅಳಬೇಕೋ.

ಲೋಕದ ಲೆಕ್ಕವೂ ಊರಿನ ಲೆಕ್ಕದ ಹಾಗೇ ಇದೆ. 1970ರ ದಶಕದ ಮೊದಲಲ್ಲಿ ಬ್ಯಾರಿ ಕಾಮನರ್, ಜಾನ್ ಹೋಲ್ಡ್ರನ್ ಮತ್ತು ಅದೇ ಎರ್ಲಿಕ್ ಜಗಳವಾಡಿಕೊಂಡೇ ಒಂದು ಸೂತ್ರಕ್ಕೆ ಬಂದರು. ಪ್ರಕೃತಿಯ ಮೇಲಿನ ಭಾರ ಮೂರು ಸಂಖ್ಯೆಗಳ ಗುಣಾಕಾರ: ಜನ ಎಷ್ಟು, ತಲೆಗೆ ಬಳಕೆ ಎಷ್ಟು, ಆ ಬಳಕೆಗೆ ಬೇಕಾದ ಯಂತ್ರ ಎಂಥದ್ದು. ಗೈಡು ನಮಗೆ ಮೊದಲ ಸಂಖ್ಯೆಯನ್ನು ಮಾತ್ರ ಕಲಿಸಿತು. ಉಳಿದ ಎರಡನ್ನು ಹಾಕಿ ನೋಡಿ. ಇಂಗಾಲದ ಹೊಗೆಯಲ್ಲಿ ಭಾರತದವನ ಸರಾಸರಿ ಪಾಲು ವರ್ಷಕ್ಕೆ ಸುಮಾರು 2 ಟನ್, ಅಮೆರಿಕದವನದು ಸುಮಾರು 14 ಟನ್. 1990ರಿಂದ 2015ರವರೆಗೆ ಲೋಕ ಉಗುಳಿದ ಹೊಗೆಯಲ್ಲಿ ಶೇ. 52 ಭಾಗ ಅತಿ ಶ್ರೀಮಂತ ಶೇ. 10 ಮಂದಿಯದು, ಬಡ ಅರ್ಧ ಲೋಕದ್ದು ಬರೀ ಶೇ. 7 ಎಂದು ಆಕ್ಸ್‌ಫ್ಯಾಮ್ 2020ರಲ್ಲಿ ಲೆಕ್ಕ ಕೊಟ್ಟಿತು. ಭಾರತದ ಸರಾಸರಿ 2 ಟನ್ನು ಅಂದೆವಲ್ಲ, ಅದರಲ್ಲೂ ಕೇರಿಯ ಪಾಲು, ಮೂರು ಕಾರು ಇರುವ ಬಂಗಲೆಯ ಪಾಲು ಒಂದೇ ಅಲ್ಲ.

ಹೆರಿಗೆಯ ಲೆಕ್ಕ ಏನಾಗಿದೆ? 2019-21ರ ಸಮೀಕ್ಷೆಯಲ್ಲಿ ದೇಶದಲ್ಲಿ ಒಬ್ಬ ತಾಯಿಗೆ ಸರಾಸರಿ 2.0 ಮಕ್ಕಳು, ಕರ್ನಾಟಕದಲ್ಲಿ 1.7, ದೇಶದ ಪರಿಶಿಷ್ಟ ಜಾತಿಯ ತಾಯಂದಿರಲ್ಲಿ 2.1. ಸ್ಕೂಲಿಗೇ ಹೋಗದ ಹೆಂಗಸರಿಗೆ 2.8, ಹನ್ನೆರಡನೇ ತರಗತಿ ದಾಟಿದವರಿಗೆ 1.8. ಜಾತಿ ಜಾತಿಯ ನಡುವಿನ ಅಂತರಕ್ಕಿಂತ ಸ್ಲೇಟು ಹಿಡಿದವಳ, ಹಿಡಿಯದವಳ ನಡುವಿನ ಅಂತರ ದೊಡ್ಡದು. ಆದರೂ ಬೆರಳು ಮಡಚಲಿಲ್ಲ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯ್ತಿಗೆ ನಿಲ್ಲಬಾರದು ಅನ್ನುವ ಹರಿಯಾಣದ ಕಾನೂನನ್ನು ಸುಪ್ರೀಂ ಕೋರ್ಟು 2003ರಲ್ಲಿ ಎತ್ತಿಹಿಡಿಯಿತು. ಮೀಸಲಾತಿಯಿಂದ ಆಗತಾನೇ ಕುರ್ಚಿ ಹತ್ತಿರ ಬಂದಿದ್ದ ಕೆಳಜಾತಿಯ ಹೆಂಗಸರನ್ನು ಇಂಥ ಕಾನೂನು ಬಾಗಿಲಲ್ಲೇ ತಡೆಯಿತು. ಈಗ ನೋಡಿ ತಮಾಷೆ: 2024ರಲ್ಲಿ ಆಂಧ್ರದ ಮುಖ್ಯಮಂತ್ರಿ, ಜನ ಕಡಿಮೆಯಾಗುತ್ತಿದ್ದಾರೆ, ಹೆಚ್ಚು ಮಕ್ಕಳು ಮಾಡಿಕೊಳ್ಳಿ ಅಂದರು, ಅದೇ ವರ್ಷ ಅಲ್ಲಿ ಆ ಎರಡು ಮಕ್ಕಳ ನಿಯಮವನ್ನೂ ತೆಗೆದುಹಾಕಿದರು. ಬೇಡ ಅಂದಾಗಲೂ ಅವರೇ, ಬೇಕು ಅಂದಾಗಲೂ ಅವರೇ. ಹೊರುವವಳನ್ನು ಯಾರೂ ಕೇಳಲಿಲ್ಲ.

ಗೆಳೆಯರೇ, ಮೇಷ್ಟ್ರೇ, ನಮ್ಮ ಮಾತು ಇಷ್ಟೇ. ಜನಸಂಖ್ಯೆ ಸಮಸ್ಯೆಯೇ ಅಲ್ಲ ಅಂತ ನಾವು ಹೇಳುತ್ತಿಲ್ಲ. ಅದನ್ನು ಬಡವರ ಹೊಟ್ಟೆಯ ಸಮಸ್ಯೆ ಮಾಡಿದ್ದು ಚರಿತ್ರೆಯ ಮೋಸ ಅನ್ನುತ್ತಿದ್ದೇವೆ. ಗಣತಿಗೆ ಹೋದಾಗ ಸರ್ಕಾರ ಕೊಟ್ಟ ಕಾಲಂ ತುಂಬಿ, ತಪ್ಪದೆ ತುಂಬಿ. ನಮ್ಮ ಜನಕ್ಕೆ ಜಾತಿಯ ಲೆಕ್ಕ ಬೇಕೇ ಬೇಕು. ಆದರೆ ಶಾಲೆಗೆ ವಾಪಸ್ಸು ಬಂದು ಮಕ್ಕಳ ಕೈಯಲ್ಲಿ ಇನ್ನೊಂದು ಗಣತಿ ಮಾಡಿಸಿ. ನಮ್ಮೂರಲ್ಲಿ ಬೋರ್‌ವೆಲ್ ಎಷ್ಟು, ಯಾರ ಹೊಲದಲ್ಲಿವೆ? ಗೋಮಾಳ ಎಷ್ಟು ಎಕರೆ ಇತ್ತು, ಈಗ ಯಾರ ಬೇಲಿಯೊಳಗಿದೆ? ಕೆರೆಯ ಅಂಗಳ ಎಷ್ಟು ಒತ್ತುವರಿಯಾಗಿದೆ? ಪುಳ್ಳೆ ಒಲೆ ಎಷ್ಟು, ಕಾರು ಎಷ್ಟು? ಎಷ್ಟು ಜನ ತಾಯಂದಿರಿಗೆ ಅವರ ಮನಸ್ಸು ಕೇಳಿ ಆಪರೇಷನ್ ಮಾಡಿದರು? ಮಕ್ಕಳು ಮನೆ ಮನೆಗೆ ಹೋಗಿ ಕೇಳಿ ಬರೆದುಕೊಂಡು ಬರಲಿ.

ಆಮೇಲೆ ‘ಜನಸಂಖ್ಯಾ ಸ್ಫೋಟ’ದ ಪ್ರಬಂಧ ಬರೆಸಿ. ಆಗ ಯಾವ ಮಗುವೂ ತನ್ನ ಅವ್ವನ ಮೇಲೆ ಬರೆಯುವುದಿಲ್ಲ.